ಐಸಿಯುವಿನ ನುಡಿ

ಬೆಳಗಿನ ಮಾತ್ರೆಗಳು ಎಂದಿನಂತೆ ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಬಂದವು. ಮೊದಲು ಬಳೆಗಳು ಸರಳಿಗೆ ತಾಗಿದ ಸದ್ದು, ಆಮೇಲೆ ರತ್ನಾವತಿಯ ಕೈ, ಅಂಗೈಯಲ್ಲಿ ರಕ್ತ ತೆಳ್ಳಗಾಗಿಸುವ ಮಾತ್ರೆ, ಬಿಪಿಯ ಮಾತ್ರೆ, ಗ್ಯಾಸಿನ ಮಾತ್ರೆ. ಧರ್ಮಪಾಲ ಮಂಚದ ಮೇಲೆ ಕುಳಿತು ಆ ಕೈಯನ್ನೇ ನೋಡಿದ. ಇಷ್ಟು ವರ್ಷ ತನ್ನ ಜೊತೆ ಬಾಳಿದ ಹೆಂಗಸು ಜೈಲಿನವರಿಗೆ ಊಟ ಕೊಡುವ ಹಾಗೆ ಕಿಟಕಿಯಿಂದ ಮದ್ದು ಕೊಡುತ್ತಿದ್ದಾಳೆ, ಅದೂ ಸ್ವಂತ ಮನೆಯಲ್ಲಿ. ಜೈಲಿನಲ್ಲಿರುವುದು ತಾನೋ ಅವಳೋ ಎಂಬುದೇ ಗೊತ್ತಾಗದೆ ಅವನ ಮೈ ಉರಿಯಿತು.

“ತಗೊಳ್ಳಿ. ಒಲೆಯಲ್ಲಿ ಹಾಲು ಉಂಟು,” ಎಂದಳು ರತ್ನಾವತಿ.

“ಒಳಗೆ ಬಂದು ಕೊಡು.”

“ಬೆಳಿಗ್ಗೆ ಬೆಳಿಗ್ಗೆಯೇ ಶುರು ಮಾಡ್ಬೇಡಿ ಮಾರಾಯ್ರೆ. ಇವತ್ತು ತಂಬಿಲ ಬೇರೆ.”

“ತಂಬಿಲ ಆದ್ರೆ ಎಂತ? ನಾನು ಹೇಳ್ತಾ ಇದ್ದೇನೆ, ನಿನ್ನ ಗಂಡ. ಬಾ ಒಳಗೆ.”

“ಸಂಜೆ ನವ್ಯಶ್ರೀ ಕಾರ್ಕಳದಿಂದ ಕಾರು ತರ್ತಾಳೆ. ಹೋಗುವ ದಿನವಾದ್ರೂ ಜಗಳ ಬೇಡ,” ಎಂದು ಅವಳು ಮಾತ್ರೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದಳು. ಮನೆಯ ಹೊರಗೋಡೆಯ ಉದ್ದಕ್ಕೂ ಅವಳ ಚಪ್ಪಲಿಯ ಸದ್ದು ಹೋಗಿ ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತಿತು.

ಹೋಗುವ ದಿನ. ಮಗಳ ಮನೆಗೆ ನಾಲ್ಕು ದಿನ ಇದ್ದು ಬರಲು ಹೋಗುವುದಲ್ಲ, ಹೋಗಿಬಿಡುವುದು. ‘ಅಮ್ಮ ಇಲ್ಲಿ ಹೊರಗಿನವಳ ಹಾಗೆ ಇರುವುದು ಸಾಕು ಅಪ್ಪ, ನನ್ನಲ್ಲಿ ಇರಲಿ’ ಎಂದು ಮಗಳು ಫೋನಿನಲ್ಲಿ ಹೇಳಿದಾಗ ಅವನು ಎದೆ ಒತ್ತಿ ಹಿಡಿದು ಕೆಮ್ಮಿದ್ದ. ಏನು ಹೇಳುವುದು? ಅವನ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದು ಚಾವಡಿಗೆ ತೆರೆಯುತ್ತಿತ್ತು. ಚಾವಡಿಯಲ್ಲಿ ದೈವದ ಮಂಚ. ಕಾಪುವಿನ ಈ ಮನೆಯ ದೈವಕ್ಕೆ ಧರ್ಮಪಾಲನೇ ಪಾತ್ರಿ. ದೈವಕ್ಕೆ ಪೂಜೆ ಕೊಡುವ ತಂಬಿಲದ ದಿನ ಅದು ಅವನ ಮೈಮೇಲೆ ಬರುತ್ತದೆ, ಆಗ ಅವನ ಬಾಯಿಂದ ಬಂದದ್ದು ಅವನ ಮಾತಲ್ಲ, ನುಡಿ. ನುಡಿಯನ್ನು ಮೀರಿದವರು ಕುಟುಂಬದಲ್ಲಿ ಯಾರೂ ಇಲ್ಲ. ಮನೆ ತಾಯಿಯ ಕಡೆಯಿಂದ ಬಂದದ್ದು. ಆದ್ದರಿಂದ ಅಕ್ಕ ಪುಷ್ಪಾವತಿ ಕುಟುಂಬದವಳು, ಅವಳ ಮಗ ರೂಪೇಶ ಕುಟುಂಬದವನು. ಹೆಂಡತಿ ಮಾತ್ರ ಎಷ್ಟು ವರ್ಷ ಈ ಮನೆಯ ಅಂಗಳ ಗುಡಿಸಿದರೂ ಬೇರೆ ಮನೆಯ ಮಗಳೇ. ಮಣಿಪಾಲದಲ್ಲಿ ಎದೆ ಸೀಳಿ ಬೈಪಾಸ್ ಮಾಡಿದ ಮೇಲೆ, ಐಸಿಯುವಿನ ಮಂಚದ ಮೇಲೆ ಬುದ್ಧಿ ತಪ್ಪಿ ಮಲಗಿದ್ದವನ ಬಾಯಿಂದ ಒಂದು ಮಾತು ಬಂತು: ‘ಪರರ ಮಗಳನ್ನು ಹೊರಗೆ ಹಾಕಿ. ಅವಳು ನನ್ನ ಚಾವಡಿ ಹತ್ತಬಾರದು.’ ಭೇಟಿಯ ಹೊತ್ತಿನಲ್ಲಿ ಮಂಚದ ಬದಿ ನಿಂತಿದ್ದ ಅಕ್ಕ ಅದನ್ನು ಕೇಳಿ ಚಪ್ಪಲಿ ಕಳಚಿ ಕೈಮುಗಿದಳಂತೆ. ‘ಆಗಲಿ ಸ್ವಾಮಿ, ನಡೆಸುತ್ತೇವೆ’ ಎಂದು ಒಪ್ಪಿಕೊಂಡಳಂತೆ. ಅಷ್ಟು ಸಾಕಾಯಿತು.

ಅವನಿಗೆ ನೆನಪಿತ್ತು. ಅದೇ ದೊಡ್ಡ ತಮಾಷೆ, ಅವನಿಗೆ ಎಲ್ಲ ನೆನಪಿತ್ತು. ಅವನು ಮಲಗಿದ್ದದ್ದು ಆಸ್ಪತ್ರೆಯಲ್ಲಲ್ಲ, ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ. ಮೀನಿನ ಏಜೆಂಟನಾಗಿ ಅರ್ಧ ಆಯುಷ್ಯ ಅಲ್ಲಿ ಕಳೆದವನಿಗೆ ಆ ಚಳಿ, ಆ ಮೂಗು ಕೊರೆಯುವ ವಾಸನೆ ತಪ್ಪುವುದುಂಟೇ? ಹಸಿರು ಬಟ್ಟೆಯವರು ಕೊಕ್ಕೆ ಹಾಕಿ ಗಡ್ಡೆಗಳನ್ನು ಎಳೆಯುತ್ತಿದ್ದರು. ಒಂದು ಗಡ್ಡೆಯ ಮೇಲೆ ತಾನು, ಅಂಗಾತ, ಎದೆ ತೆರೆದು, ಮಾರಾಟಕ್ಕೆ. ಮೇಲೆ ಮಾಡಿನ ಚೌಕಗಳಲ್ಲಿ ನೀರು ಹರಿಯುತ್ತಿತ್ತು, ಅದರೊಳಗೆ ಭೂತಾಯಿ ಮೀನುಗಳು ಸಾಲಾಗಿ ಒಂದೇ ಕಡೆ ಈಜುತ್ತಿದ್ದವು. ಬದಿಯ ಯಂತ್ರ ಟಿಂ ಟಿಂ ಎಂದು ಏಲಂ ಕೂಗುತ್ತಿತ್ತು. ಎದ್ದು ಹೋಗೋಣವೆಂದರೆ ಎರಡೂ ಕೈಗೆ ಬಟ್ಟೆಯ ಚೀಲ ತೊಡಿಸಿ ಮಂಚದ ಕಂಬಿಗೆ ಕಟ್ಟಿದ್ದರು. ಮೂರು ಚೆಂಡುಗಳ ಪ್ಲಾಸ್ಟಿಕ್ ಕೊಳವೆ ಹಿಡಿದ ಒಬ್ಬಳು ಬಂದು ‘ಎಳೀರಿ ಅಂಕಲ್, ಜೋರಾಗಿ ಉಸಿರು ಎಳೀರಿ, ಚೆಂಡು ಮೇಲೆ ಹೋಗ್ಬೇಕು’ ಎಂದು ಪೀಡಿಸುತ್ತಿದ್ದಳು. ಎದೆಯ ಎಲುಬು ಎರಡಾಗಿ ಬಿರಿಯುವ ಹಾಗೆ ನೋವು. ಆ ಹೆಂಗಸಿಗೆ ಹೇಳಿದ್ದು ಅದು. ಅವಳನ್ನು ಹೊರಗೆ ಹಾಕಿ ಎಂದದ್ದು. ಶ್ವಾಸಕ್ಕೆ ವ್ಯಾಯಾಮ ಕೊಡುವ ಪಾಪದ ಹುಡುಗಿ, ಅವಳ ಕೆಲಸ ಅವಳು ಮಾಡಿದಳು, ಆದರೆ ಆಗ ಅವಳು ಅವನ ಜೀವ ಹೀರಲು ಬಂದವಳ ಹಾಗೆ ಕಂಡಳು. ಹೀಗೆಂದು ಮನೆಗೆ ಬಂದ ಮೇಲೆ ಎಲ್ಲರ ಮುಂದೆ, ಒಂದಲ್ಲ ಹತ್ತು ಸಲ, ಕೂತು ವಿವರಿಸಿದ್ದ.

ಅಕ್ಕ ತಲೆಯಾಡಿಸುತ್ತ ಪೂರ್ತಿ ಕೇಳಿದಳು. ಮಕ್ಕಳ ಕಥೆ ಕೇಳುವ ಹಾಗೆ ಕೇಳಿದಳು. ಆಮೇಲೆ, “ಧರ್ಮ, ನೀನು ಅದನ್ನು ಮಾತಾಡ್ಬಾರದು. ನುಡಿ ಆದ ಮೇಲೆ ಪಾತ್ರಿಗೆ ನೆನಪಿರುವುದಿಲ್ಲ ಅಂತ ನೀನೇ ಹೇಳಿದ್ದಲ್ವಾ?” ಎಂದಳು.

ಹೌದು, ಅವನೇ ಹೇಳಿದ್ದು. ನುಡಿ ಇಷ್ಟವಾಗದವರು ಮರುದಿನ ಬಂದು, ಧರ್ಮಪಾಲಣ್ಣ, ನಿನ್ನೆ ಹೇಳಿದ್ದರ ಅರ್ಥ ಎಂತ, ಸ್ವಲ್ಪ ಸಡಿಲ ಮಾಡಬಹುದಾ ಎಂದು ತಲೆ ಕೆರೆದುಕೊಂಡು ನಿಂತಾಗಲೆಲ್ಲ ಅವನು, ನನ್ನನ್ನು ಕೇಳಬೇಡಿ, ಹೇಳಿದ್ದು ನಾನಲ್ಲ, ನನಗೆ ಗೊತ್ತೂ ಇಲ್ಲ ಎಂದು ಎದ್ದು ಹೋಗುತ್ತಿದ್ದ. ಅದು ಸುಳ್ಳಾಗಿರಲಿಲ್ಲ. ದೈವ ಮೈಮೇಲೆ ಬಂದ ದರ್ಶನ ಇಳಿದ ಮೇಲೆ ನಿಜವಾಗಿಯೂ ತಲೆಯೊಳಗೆ ತೊಳೆದಿಟ್ಟ ಪಾತ್ರೆಯಷ್ಟು ಖಾಲಿ. ಈಗ ಅದೇ ಮಾತು ಅವನ ಕುತ್ತಿಗೆಗೆ ಬಂದಿತ್ತು. ನನಗೆ ನೆನಪುಂಟು, ಆದ್ದರಿಂದ ಅದು ನುಡಿಯಲ್ಲ ಎಂದರೆ, ನೆನಪಿರಬಾರದು, ಆದ್ದರಿಂದ ನಿನ್ನ ನೆನಪೇ ಸುಳ್ಳು ಎನ್ನುತ್ತಾರೆ. ಡಾಕ್ಟರರು ಡಿಸ್ಚಾರ್ಜಿನ ದಿನ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಲಿಲ್ಲವೇ? ಹೃದಯದ ಆಪರೇಷನ್ ಆದವರಲ್ಲಿ ಹೀಗೆ ಆಗುವುದುಂಟು, ಇದಕ್ಕೆ ಡೆಲಿರಿಯಂ ಎನ್ನುತ್ತಾರೆ, ಇಲ್ಲದ್ದು ಕಾಣುತ್ತದೆ, ಮನೆಯವರನ್ನೇ ಬೈಯುತ್ತಾರೆ, ಕೆಲವು ದಿನಗಳಲ್ಲಿ ಸರಿಯಾಗುತ್ತದೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು. ಅಕ್ಕ ಅಲ್ಲಿಯೂ ತಲೆಯಾಡಿಸಿದಳು. ಅಕ್ಕನ ತಲೆಯಾಡಿಸುವಿಕೆಯಷ್ಟು ಮೋಸದ ವಸ್ತು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಕಳೆದ ತಿಂಗಳು ತಪಾಸಣೆಗೆ ಹೋದಾಗ ಐಸಿಯುವಿನ ನರ್ಸ್ ಬರ್ತಾ ಬಾಯಿ ವರಾಂಡದಲ್ಲಿ ಸಿಕ್ಕಿದ್ದಳು. ಅವನು ಅವಳ ದಾರಿಗೆ ಅಡ್ಡ ನಿಂತು, ಜೊತೆಗಿದ್ದ ರೂಪೇಶನ ರಟ್ಟೆ ಹಿಡಿದೆಳೆದು, “ಸಿಸ್ಟರ್, ಇವನಿಗೊಮ್ಮೆ ಹೇಳಿ, ನಾನು ಅಲ್ಲಿ ಹೇಗಿದ್ದೆ ಅಂತ,” ಎಂದು ಅಂಗಲಾಚಿದ್ದ. ತನ್ನ ಬುದ್ಧಿ ಕೆಟ್ಟಿತ್ತೆಂದು ಸಾಕ್ಷಿ ಹೇಳಿ ಎಂದು ಪರರನ್ನು ಬೇಡುವ ಗತಿ!

ಬರ್ತಾ ನಕ್ಕಳು. “ಅಯ್ಯೋ, ನೀವು ಒಬ್ಬರೇ ಅಲ್ಲ. ಒಬ್ಬರು ಹೆಡ್ಮಾಷ್ಟ್ರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹಾಜರಿ ಕರೀತಿದ್ರು. ಇನ್ನೊಬ್ಬರು ನನ್ನನ್ನು ಕಳ್ಳಿ ಅಂತ ಪೊಲೀಸರಿಗೆ ಕೊಡ್ಲಿಕ್ಕೆ ಹೊರಟಿದ್ರು. ಮನೆಗೆ ಹೋದ ಮೇಲೆ ಫೋನ್ ಮಾಡಿ ಸಾರಿ ಕೇಳ್ತಾರೆ ಪಾಪ.”

“ಕೇಳಿದೆಯಾ?” ಎಂದ ಧರ್ಮಪಾಲ, ಗೆದ್ದವನ ಹಾಗೆ.

ರೂಪೇಶ ಮೊಬೈಲಿನಿಂದ ಕಣ್ಣೆತ್ತಿ ಬಹಳ ಮರ್ಯಾದೆಯಿಂದ ಹೇಳಿದ: “ಅವರು ಯಾರೂ ಪಾತ್ರಿಗಳಲ್ಲವಲ್ಲ ಸಿಸ್ಟರ್.”

ಬರ್ತಾ ಇಬ್ಬರ ಮುಖವನ್ನೂ ನೋಡಿ ಟ್ರೇ ಹಿಡಿದು ಹೋಗಿಬಿಟ್ಟಳು. ವಾಪಸು ಬರುವಾಗ ಉಡುಪಿಯ ಕಡಿಯಾಳಿಯಲ್ಲಿ ತನ್ನ ಮೊಬೈಲ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಅಂಗಡಿಗೊಂದು ಬೀಗ ಹಾಕಿಕೊಂಡು ಬಂದ ರೂಪೇಶ, “ಮಾವ, ನೀವು ಟೆನ್ಷನ್ ಮಾಡ್ಬೇಡಿ, ನಿಮ್ಮ ಹಾರ್ಟಿಗೆ ಒಳ್ಳೆಯದಲ್ಲ,” ಎಂದು ಸಮಾಧಾನ ಮಾಡಿದ. ಧರ್ಮಪಾಲನಿಗೆ ಕಾರಿನಿಂದ ಇಳಿದು ನಡೆದುಕೊಂಡು ಕಾಪುವಿಗೆ ಹೋಗೋಣ ಅನ್ನಿಸಿತ್ತು. ಆದರೆ ಸೀಟ್ ಬೆಲ್ಟನ್ನು ತಾನೇ ಬಿಚ್ಚಲು ಎದೆಯ ನೋವು ಬಿಡುತ್ತಿರಲಿಲ್ಲ.

ಸರಿಯಾಗಿದ್ದಾಗ ಆಡಿದ ಮಾತಿಗೆ ಈ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಊಟಕ್ಕೆ ಒಂದು ತುಂಡು ಒಣಮೀನು ಕೇಳಿದರೆ, ‘ಉಪ್ಪು ಬೇಡ ಅಂದಿದ್ದಾರಲ್ಲ’. ಸ್ಕೂಟರಿನಲ್ಲಿ ಪೇಟೆಗೆ ಹೋಗುತ್ತೇನೆಂದರೆ, ‘ಆಯ್ತಾಯ್ತು, ನಾಳೆ ನೋಡುವ’. ಟಿವಿಯ ಸದ್ದು ಕಡಿಮೆ ಮಾಡಿ ಎಂದು ಕೂಗಿದರೂ ಅಕ್ಕ, ‘ಅವನಿಗೆ ಆಪರೇಷನ್ ಆದ ಮೇಲೆ ಸಿಟ್ಟು ಜಾಸ್ತಿ’ ಎಂದು ಬಂದವರೊಡನೆ ಪಿಸುಗುಡುತ್ತಾಳೆ. ಒಂದು ತುಂಡು ಒಣಮೀನು ತರಿಸಿಕೊಳ್ಳಲಾಗದ ನಾಲಿಗೆ, ಹುಚ್ಚು ಹಿಡಿದಾಗ ಮಾತ್ರ ಮನೆಯಾಕೆಯನ್ನೇ ಮನೆಯಿಂದ ಹೊರಗೆ ಹಾಕುತ್ತದೆ! ಮತ್ತು ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿಯೆಂದರೆ ರತ್ನಾವತಿ. ಅವಳು ಅಳಲಿಲ್ಲ, ಜಗಳವಾಡಲಿಲ್ಲ, ಅಕ್ಕನ ಕಡೆ ಒಂದು ಕೆಟ್ಟ ನೋಟ ಕೂಡ ಬೀರಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ತನ್ನ ಸೀರೆಗಳನ್ನು ಅಕ್ಕನ ಕೈಯಲ್ಲಿ ಹೊರಗೆ ತರಿಸಿಕೊಂಡು ಅಡಿಗೆಮನೆಯ ಬದಿಯ ಸೌದೆಕೋಣೆಯಲ್ಲಿ ಚಾಪೆ ಹಾಕಿದಳು. ‘ನೀವು ಹೇಳಿದ್ದಲ್ಲ ಅದು, ದೈವ ಹೇಳಿದ್ದು’ ಎಂದಳು. ಬೇರೆಯವರಿಗಿಂತ ಹೆಚ್ಚು ಅವಳೇ ನಂಬಿದ್ದಳು. ನನ್ನನ್ನು ಇಷ್ಟು ವರ್ಷ ನೋಡಿದ ನಿನಗೂ ಗೊತ್ತಾಗುವುದಿಲ್ಲವೇ ಎಂದು ಅವನು ಕೂಗಾಡಿದರೆ, ಚಾವಡಿಯ ಮೆಟ್ಟಿಲಿನ ಕೆಳಗೆ ನಿಂತು ಕೇಳಿಸಿಕೊಂಡು ಅಡಿಗೆಮನೆಗೆ ಹೋಗುತ್ತಿದ್ದಳು.

ಗೊತ್ತಾಗಬಾರದ ಇನ್ನೊಂದು ಸಂಗತಿಯೂ ಇತ್ತು. ಅದರ ಬಳಿಗೆ ಬಂದಾಗಲೆಲ್ಲ ಅವನ ಮನಸ್ಸು ಬಿಸಿ ಕಾವಲಿ ಮುಟ್ಟಿದ ಕೈಯಂತೆ ಹಿಂದೆ ಸರಿಯುತ್ತಿತ್ತು. ಚೆಂಡಿನ ಕೊಳವೆಯ ಹುಡುಗಿ ಬಂದದ್ದು ನಿಜ, ಹೋದದ್ದೂ ನಿಜ. ಆಮೇಲೆ ಅವನು ಕುತ್ತಿಗೆಗೆ ಹಾಕಿದ್ದ ಸೂಜಿಯ ನಳಿಗೆಯನ್ನು ಕಿತ್ತೆಸೆಯಲು ನೋಡಿದ್ದ. ಒಂದು ಕೈಯ ಕಟ್ಟು ಸಡಿಲವಾಗಿತ್ತು. ಸಿಸ್ಟರ್ ‘ಹಿಡ್ಕೊಳ್ಳಿ ಅಮ್ಮ, ಸ್ವಲ್ಪ ಹಿಡ್ಕೊಳ್ಳಿ’ ಎಂದಳು, ಮತ್ತು ಒಂದು ಕೈ ಬಂದು ಅವನ ಮಣಿಗಂಟನ್ನು ಹಾಸಿಗೆಗೆ ಒತ್ತಿತು. ಆ ಕೈಯ ಭಾರ ಅವನಿಗೆ ಗೊತ್ತು. ತಲೆಯೆತ್ತಿದರೆ ರತ್ನಾವತಿ. ಅವಳು ಅಳುತ್ತ ಅವನನ್ನು ಕಟ್ಟಿಹಾಕುತ್ತಿದ್ದಳು. ಮಂಜುಗಡ್ಡೆಯ ಮೇಲೆ ಅವನನ್ನು ಮಾರಲು ಇಟ್ಟವರ ಜೊತೆ ಸೇರಿದ್ದಳು. ಆಗ ಎದ್ದ ದ್ವೇಷ! ಅಷ್ಟು ನಿಚ್ಚಳವಾದ ದ್ವೇಷ ಅವನಿಗೆ ಬದುಕಿನಲ್ಲಿ ಯಾರ ಮೇಲೂ ಹುಟ್ಟಿರಲಿಲ್ಲ. ಅವಳ ಕಣ್ಣಿಗೆ ಕಣ್ಣು ನೆಟ್ಟೇ ಅವನು ಆ ಮಾತು ಹೇಳಿದ್ದು. ತಂಬಿಲದ ದಿನ ಬರುವ ಗಡಸು ತುಳುವಿನಲ್ಲಿಯೇ ಬಂತು, ಏಕೆ ಬಂತೋ. ಬಹುಶಃ ಅಷ್ಟು ದೊಡ್ಡ ಸಿಟ್ಟಿಗೆ ಅವನಲ್ಲಿ ಬೇರೆ ಭಾಷೆಯೇ ಇರಲಿಲ್ಲ. ಹಾಗಾದರೆ ತಂಬಿಲದ ದಿನ ಬರುವುದು? ಅದು ಬೇರೆ, ಅದು ಬೇರೆಯೇ, ಎಂದು ಅವನು ಗಟ್ಟಿಯಾಗಿ ಅಂದುಕೊಂಡ. ಚೆಂಡಿನ ಕೊಳವೆಯ ಹುಡುಗಿಗೇ ಹೇಳಿದ್ದು ಎಂದು ಮತ್ತೆ ಅಂದುಕೊಂಡ. ಕಿಟಕಿಯ ಕಟ್ಟೆಯ ಮೇಲಿದ್ದ ಮಾತ್ರೆಗಳನ್ನು ನೀರಿಲ್ಲದೆ ನುಂಗಿದ.

ಹತ್ತರ ಹೊತ್ತಿಗೆ ಕುಟುಂಬದವರು ಬಂದು ಚಾವಡಿ ತುಂಬಿತು. ಹೆಂಗಸರು ಅಡಿಕೆ ಹೂವಿನ ಹಿಂಗಾರ ಬಿಡಿಸಿಟ್ಟರು, ಅಕ್ಕ ದೀಪಕ್ಕೆ ಎಣ್ಣೆ ಹೊಯ್ದಳು. ಬಂದವರೆಲ್ಲ ಅವನನ್ನು ನೋಡಿ, ಒಳ್ಳೆ ಚೇತರಿಸಿದ್ದೀರಿ ಧರ್ಮಪಾಲಣ್ಣ, ಮೊದಲಿಗಿಂತ ಬಣ್ಣ ಬಂದಿದೆ ಎಂದರು. ಒಬ್ಬರೂ ರತ್ನಾವತಿ ಎಲ್ಲಿ ಎಂದು ಕೇಳಲಿಲ್ಲ. ಅವಳು ಅಂಗಳದಲ್ಲಿ, ಬಿಸಿಲಿನಲ್ಲಿ, ಬಾಳೆಲೆ ಒರೆಸುತ್ತ ನಿಂತಿರುವುದು ಎಲ್ಲರಿಗೂ ಕಾಣುತ್ತಿತ್ತು. ಅವಳ ಸೀರೆಯ ಚೀಲ ಹಿಂಬಾಗಿಲ ಜಗಲಿಯಲ್ಲಿ ಕಟ್ಟಿ ಇಟ್ಟದ್ದೂ ಅವರಿಗೆ ಕಂಡಿರಬೇಕು. ದರ್ಶನಕ್ಕೆ ನಿಲ್ಲಬಹುದೇ ಎಂದು ಅವನು ಡಾಕ್ಟರರನ್ನು ಕೇಳಿರಲಿಲ್ಲ, ಕೇಳಿದರೆ ಅವರು ಏನು ಹೇಳುತ್ತಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ರೂಪೇಶ ಕೆಂಪು ರೇಷ್ಮೆಯ ಪಟ್ಟೆ ತಂದು ಅವನ ಸೊಂಟಕ್ಕೆ ಸುತ್ತಿದ, ಎದೆಯ ಗಾಯಕ್ಕೆ ತಾಗದ ಹಾಗೆ ನಾಜೂಕಾಗಿ.

“ಮಾವ, ಆಗದಿದ್ರೆ ಬರೀ ಗಂಧ ಕೊಟ್ರೆ ಸಾಕು,” ಎಂದ.

ಒಂದು ದಾರಿ ಇತ್ತು, ಅವನು ರಾತ್ರಿಯಿಡೀ ಅದನ್ನೇ ಯೋಚಿಸಿದ್ದ. ಸ್ವಲ್ಪ ನಡುಗಿದರೆ ಸಾಕು, ಒಮ್ಮೆ ಅರಚಿದರೆ ಸಾಕು. ‘ಕೋಪ ತೀರಿತು, ಮಗಳು ಒಳಗೆ ಬರಲಿ’ ಎಂದರೆ ಇವರೇ ಅವಳನ್ನು ಹೊತ್ತು ತಂದಾರು. ಆದರೆ ಅವನು ಆ ವೇಷ ಕಟ್ಟುವವನಲ್ಲ. ಕಳ್ಳ ದರ್ಶನ ಮಾಡಿದವರನ್ನು ಅವನು ಬಲ್ಲ, ಅಂಥವರ ಮನೆಯ ನೀರನ್ನೂ ಅವನು ಮುಟ್ಟಿದವನಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಹೆಂಡತಿಯನ್ನು ತನ್ನ ಮನೆಯೊಳಗೆ ಕರೆಯಲು ತಾನು ಸಾಲದೇ? ತನ್ನ ಬಾಯಿ, ತನ್ನ ಬುದ್ಧಿ, ತನ್ನ ಹೆಸರು ಸಾಲದೇ? ಅವನು ಕೈಗೆ ಕೊಟ್ಟ ದೈವದ ಕತ್ತಿಯನ್ನು ಮತ್ತೆ ಮಂಚದ ಮೇಲಿಟ್ಟ. ಗಂಟೆಯನ್ನೂ ಇಟ್ಟ.

“ಎಲ್ಲರೂ ಕೇಳಿ,” ಎಂದ, ಅಂಗಡಿಯಲ್ಲಿ ಸಾಮಾನು ಕೇಳುವ ಸ್ವರದಲ್ಲಿ. “ನಾನು ಧರ್ಮಪಾಲ ಮಾತಾಡ್ತಾ ಇರುವುದು. ನನಗೆ ಬುದ್ಧಿ ಸರಿ ಉಂಟು. ಆಸ್ಪತ್ರೆಯಲ್ಲಿ ಆದದ್ದು ಕಾಯಿಲೆ. ರತ್ನ, ಕೈ ತೊಳೆದು ಒಳಗೆ ಬಾ.”

ಅಂಗಳದಲ್ಲಿ ರತ್ನಾವತಿ ಎಲೆ ಒರೆಸುವುದನ್ನು ನಿಲ್ಲಿಸಿ ನೆಲ ನೋಡಿದಳು. ಅಕ್ಕ ಬಳಿ ಬಂದು ಅವನ ಬೆನ್ನು ಸವರಿ, “ಆಯ್ತು ಧರ್ಮ, ಆಯ್ತು. ಬಿಸಿಲು ಜೋರಾಗಿದೆ, ಸ್ವಲ್ಪ ಮಲಗ್ತೀಯಾ?” ಎಂದಳು.

ಆ ಬೆನ್ನು ಸವರಿದ್ದು! ಹಾಲು ಕಕ್ಕಿದ ಕೂಸಿನ ಬೆನ್ನು ಸವರುವ ಹಾಗೆ, ಇಷ್ಟು ಜನರ ಮುಂದೆ. ಧರ್ಮಪಾಲನಿಗೆ ಅಂಗಾಲಿನಿಂದ ಸಿಟ್ಟು ಎದ್ದಿತು. ಮೊಣಕಾಲು ಅದುರಿತು, ದವಡೆ ಕಚ್ಚಿಕೊಂಡಿತು, ಕೈಬೆರಳುಗಳು ತಮ್ಮಷ್ಟಕ್ಕೆ ಅಗಲವಾಗಿ ಬಿಚ್ಚಿ ನಡುಗತೊಡಗಿದವು. “ಮಲಗುವುದಿಲ್ಲ!” ಎಂದ. ಸ್ವರ ಚಾವಡಿಯ ಮಾಡಿಗೆ ಹೊಡೆದು ಬಂತು. “ನಾನು ಹೇಳ್ತೇನೆ, ನಾನು! ಯಾರು ಅವಳನ್ನು ಹೊರಗೆ ನಿಲ್ಲಿಸಿದ್ದು? ಈ ಮನೆಗೆ ದೀಪ ಹಚ್ಚಿದವಳನ್ನು ಬಿಸಿಲಲ್ಲಿ ನಿಲ್ಲಿಸಿ ನೀವು ನೆರಳಲ್ಲಿ ಕೂತಿದ್ದೀರಾ? ಒಳಗೆ ಬರಲಿ ಅವಳು!” ನಡುವೆಯೇ ಅವನಿಗೆ ತಿಳಿಯಿತು, ಅಕ್ಕನ ಕೈ ಬೆನ್ನಿನಿಂದ ಬಿಟ್ಟುಹೋಗಿದೆ. ಅವಳು ಹಿಂದೆ ಹಿಂದೆ ಸರಿದು ಕೈಮುಗಿದಿದ್ದಳು. ಕುಳಿತವರೆಲ್ಲ ಎದ್ದು ನಿಂತಿದ್ದರು. ರೂಪೇಶ ಓಡಿಬಂದು ಅವನ ನಡುಗುವ ಕೈಗೆ ಹಿಂಗಾರ ಕೊಟ್ಟ.

“ಅಲ್ಲ,” ಎಂದು ಅವನು ಕೂಗಿದ. “ಇದು ನಾನು! ಇದು ನನ್ನ ಸಿಟ್ಟು!”

“ಸಿಟ್ಟು ಮಾಡ್ಬಾರದು ಸ್ವಾಮಿ,” ಎಂದಳು ಅಕ್ಕ, ಕಣ್ಣಲ್ಲಿ ನೀರು ತಂದುಕೊಂಡು. “ನಮ್ಮದು ತಪ್ಪಾಯ್ತು. ನಿಮ್ಮ ಮಾತಿನ ಹಾಗೆಯೇ ಆಗ್ಲಿ. ರತ್ನ, ಬಾ ಮಾರಾಯ್ತಿ, ಬೇಗ ಬಾ, ಅಪ್ಪಣೆ ಆಗಿದೆ.”

ರತ್ನಾವತಿ ಕೈಕಾಲು ತೊಳೆದು, ಸೆರಗು ಹೊದ್ದು, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಒಮ್ಮೆ ನನ್ನ ಕಡೆ ನೋಡು, ಒಮ್ಮೆ ನೋಡು ಎಂದು ಮನಸ್ಸಿನಲ್ಲಿ ಗೋಗರೆಯುತ್ತಿದ್ದ. ಅವಳು ಅವನ ಪಾದದ ಬಳಿ ತಲೆ ಬಗ್ಗಿಸಿ ಎರಡೂ ಕೈ ಒಡ್ಡಿದಳು, ಉಳಿದ ಎಲ್ಲರ ಹಾಗೆ. ಅವಳ ಕೈಗೆ ಹಿಂಗಾರದ ಎರಡು ಎಸಳು ಹಾಕುವುದಲ್ಲದೆ ಬೇರೇನೂ ಮಾಡಲು ಅವನಿಗೆ ತೋಚಲಿಲ್ಲ. ಆಮೇಲೆ ಕಣ್ಣು ಕತ್ತಲೆ ಬಂದು ಮಂಚದ ಕಾಲು ಹಿಡಿದು ಕುಳಿತುಬಿಟ್ಟ.

ಊಟ ಮುಗಿಸಿ ಎಲ್ಲರೂ ಹೋದ ಮೇಲೆ ಅವಳು ಅವನ ಕೋಣೆಗೆ ಬಂದಳು. ಬಂದವಳೇ ಹಾಸಿಗೆಯ ಮಗ್ಗುಲಿನ ಹೊದಿಕೆ ಎತ್ತಿ ಕೊಡವಿದಳು, ಕಪಾಟಿನ ಮೇಲೆ ಬೆರಳಾಡಿಸಿ, “ಎಂತ ಧೂಳು ಇದು, ಅತ್ತಿಗೆ ಒರೆಸ್ತಾ ಇರ್ಲಿಲ್ವಾ?” ಎಂದು ಗೊಣಗಿದಳು. ಮಗಳಿಗೆ ಫೋನ್ ಮಾಡಿ ಬರಬೇಡ ಎಂದಾಗಿತ್ತು. ಧರ್ಮಪಾಲ ಮಲಗಿದಲ್ಲಿಂದ ನೋಡುತ್ತಿದ್ದ. ಸಂತೋಷವಾಗಬೇಕಿತ್ತು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ರತ್ನ, ನಿನ್ನನ್ನು ಕರೆದದ್ದು ನಾನು,” ಎಂದ. “ಮೈಮೇಲೆ ಎಂತದೂ ಬಂದಿರಲಿಲ್ಲ. ಒಂದೊಂದು ಮಾತೂ ನೆನಪುಂಟು. ಬೇರೆಯವರು ಎಂತ ಬೇಕಾದ್ರೂ ತಿಳ್ಕೊಳ್ಳಲಿ. ನೀನು ಒಬ್ಬಳು ಹೇಳು, ನಾನು ಕರೆದದ್ದಕ್ಕೆ ಬಂದೆ ಅಂತ.”

ಅವಳು ಹೊದಿಕೆಯನ್ನು ಮಡಚುತ್ತ ಮಡಚುತ್ತ ಅಲ್ಲೇ ನಿಂತಳು. ತಿಂಗಳುಗಳ ಮೇಲೆ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

“ನೀವು ಕರೆದದ್ದಾದ್ರೆ,” ಎಂದಳು ಮೆಲ್ಲಗೆ, “ಆವತ್ತು ಹೊರಗೆ ಹಾಕಿ ಅಂದದ್ದೂ ನೀವೇ ಆಗ್ಬೇಕಲ್ಲ. ನಾನು ನಿಮ್ಮ ಕೈ ಹಿಡ್ಕೊಂಡು ನಿಂತಿದ್ದೆ. ನನ್ನ ಮುಖ ನೋಡಿಯೇ ಹೇಳಿದ್ದು. ಯಾವುದು ಬೇಕು, ನೀವೇ ಹೇಳಿ.”

ಚಾವಡಿಯಲ್ಲಿ ಅಕ್ಕ ದೀಪದ ಬತ್ತಿ ಸರಿಮಾಡುತ್ತಿದ್ದ ಸದ್ದು ಕೇಳುತ್ತಿತ್ತು. ರತ್ನಾವತಿ ಕಾಯುತ್ತಿದ್ದಳು, ಅವಸರವಿಲ್ಲದೆ, ಆದರೆ ಕಾಯುತ್ತಿದ್ದಳು. ಇಷ್ಟು ದಿನ ಸೌದೆಕೋಣೆಯ ಚಾಪೆಯ ಮೇಲೆ ಅವಳು ‘ಹೇಳಿದ್ದು ದೈವ, ಅವರಲ್ಲ’ ಎಂಬುದೊಂದನ್ನೇ ಹಿಡಿದುಕೊಂಡು ಮಲಗಿದ್ದಳು ಎಂಬುದು ಅವನಿಗೆ ಈಗ ಹೊಳೆಯಿತು. ಚೆಂಡಿನ ಕೊಳವೆಯ ಹುಡುಗಿಯ ಕಥೆ ನಾಲಿಗೆಯ ತುದಿಗೆ ಬಂತು, ಅವಳ ಕಣ್ಣು ನೋಡಿ ಹಿಂದೆ ಹೋಯಿತು.

“ದೈವವೇ,” ಎಂದ ಧರ್ಮಪಾಲ. “ಎರಡು ಸಲವೂ ದೈವವೇ. ನನಗೆ ಎಂತದೂ ನೆನಪಿಲ್ಲ.”

“ಹಾಗಾದ್ರೆ ಸರಿ,” ಎಂದು ಅವಳು ಹೊದಿಕೆಯನ್ನು ಅವನ ಕಾಲಿನ ಮೇಲೆ ಹಾಸಿದಳು. ಪಾತ್ರಿಯಾದ ಮೇಲೆ ದೈವದ ಹೆಸರಿನಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.